ಕೆಳಗೆ ನಾವು, ಮೇಲೆ ಬಾಡಿಗೆಯವರು: ಹೊಸದಾಗಿ ಮನೆಮಾಲೀಕಳಾದವಳ ಕೆಲವು ಪ್ರಶ್ನೆಗಳು

ಕೋಡಿಬಾಗದ ಅಕ್ಕೋರು (ಮೇ ಮೊದಲ ವಾರ)

ಕಾರವಾರದ ಕೋಡಿಬಾಗದಲ್ಲಿ ನಮ್ಮ ತಂದೆಯವರು ಕಟ್ಟಿಸಿದ ಚಿರೇಕಲ್ಲಿನ ಮನೆಯಲ್ಲಿ ಕೆಳಗೆ ನಾನೂ ನನ್ನ ಆಯಿಯೂ ಇದ್ದೇವೆ. ಮೇಲಿನ ಮಹಡಿಯನ್ನು ಎರಡು ಭಾಗ ಮಾಡಿ ಬಾಡಿಗೆಗೆ ಕೊಡಲಾಗಿದೆ. ಕಳೆದ ದೀಪಾವಳಿಯ ಹೊತ್ತಿಗೆ ತಂದೆಯವರು ತೀರಿಕೊಂಡ ಮೇಲೆ ಬಾಡಿಗೆಯ ವ್ಯವಹಾರವೆಲ್ಲ ನನ್ನ ಪಾಲಿಗೆ ಬಂದಿದೆ. ಯಾರೊಂದಿಗೂ ಕರಾರು ಪತ್ರವಿಲ್ಲ; ತಂದೆಯವರ ಮಾತೇ ಕರಾರಾಗಿತ್ತು. ಅವರು ಪಡೆದ ಅಡ್ವಾನ್ಸಿಗೂ ರಸೀದಿಯಿಲ್ಲ, ಹಳೆಯ ಒಂದು ಡೈರಿಯಲ್ಲಿ ಎರಡು ಸಾಲು ಬರೆದಿಟ್ಟಿದ್ದಾರೆ.

ಒಂದು ಭಾಗದಲ್ಲಿ ಬೈತಖೋಲ ಬಂದರಿನಿಂದ ಹೊರಡುವ ದೋಣಿಯಲ್ಲಿ ದುಡಿಯುವವರ ಕುಟುಂಬ ಆರು ವರ್ಷಗಳಿಂದ ಇದೆ. ಬಾಡಿಗೆ 6,500 ರೂಪಾಯಿ. ಇನ್ನೊಂದರಲ್ಲಿ ಅರ್ಗಾದ ನೌಕಾನೆಲೆಯ ಕಡೆ ಗುತ್ತಿಗೆ ಕೆಲಸ ಮಾಡುವ ಮೂವರು ಹುಡುಗರು 9,000 ರೂಪಾಯಿಗೆ ಇದ್ದಾರೆ. ಹುಡುಗರು ಪಾಳಿ ಮುಗಿಸಿ ರಾತ್ರಿ ಒಂದು ಗಂಟೆಗೆ ಬಂದು ಗೇಟು ತೆಗೆದಾಗ ಬೀದಿಯ ನಾಯಿಗಳೆಲ್ಲ ಬೊಗಳಿ ಆಯಿಯ ನಿದ್ದೆ ಹಾಳಾಗುತ್ತದೆ. ಇನ್ನೊಂದು ಕಡೆ, ಟೆರೇಸಿನ ಮೇಲೆ ಆಯಿ ಹಲಸಿನ ಹಪ್ಪಳ ಹರವಿದ ದಿನವೇ ಮೇಲಿನ ಮನೆಯವರು ಒಣಮೀನು ಹರವುತ್ತಾರೆ. ಆಯಿ ಹಪ್ಪಳ ಎತ್ತಿಕೊಳ್ಳಲು ಅವರ ಮನೆಯ ಮುಂದಿನ ಪಡಸಾಲೆ ಹಾದು ಹೋಗಬೇಕು, ಹೋಗುವಾಗ ಒಂದು ಮಾತು ಆಡದೆ ಹೋಗುವುದಿಲ್ಲ. ಜೂನ್ ಬಂತೆಂದರೆ ದೋಣಿಯವರ ಬಾಡಿಗೆ ನಿಲ್ಲುತ್ತದೆ. ಇದೆಲ್ಲವನ್ನೂ ನಾನು ಮೆಟ್ಟಿಲ ಮೇಲೆ ನಿಂತು ಬಗೆಹರಿಸಲು ಹೋಗಿ, ಈಗ ಮೂರು ಮನೆಯವರೂ ಮುಖ ತಪ್ಪಿಸಿ ಓಡಾಡುವಂತಾಗಿದೆ. ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ ಹಾಕುವುದೆಂದು ಹುಡುಗರಿಗೆ ಹೇಳಿಬಿಟ್ಟಿದ್ದೇನೆ. ಇದು ಸರಿಯೇ? ಅನುಭವವಿದ್ದವರು ತಿಳಿಸಬೇಕು.

ಹೊನ್ನಾವರದವ

ಅಕ್ಕೋರೇ, ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮನೆ ನಿಮ್ಮದು. ಕರಾರು ಪತ್ರವಿಲ್ಲದವರಿಗೆ ಹಕ್ಕಾದರೂ ಯಾವುದು? ಒಂದು ತಿಂಗಳ ಮುಂಚೆ ಹೇಳಿ ಹುಡುಗರನ್ನು ಬಿಡಿಸಿ, ಒಂದು ಸಂಸಾರಸ್ಥ ಕುಟುಂಬಕ್ಕೆ ಕೊಡಿ. ವಯಸ್ಸಾದ ತಾಯಿಯನ್ನು ಇಟ್ಟುಕೊಂಡು ದಿನವೂ ಜಗಳವಾಡುವ ಅಗತ್ಯ ನಿಮಗಿಲ್ಲ. ಬಿಡದಿದ್ದರೆ ನೀರಿನ ಮೋಟಾರು ನಿಮ್ಮ ಕೈಯಲ್ಲೇ ಇದೆಯಲ್ಲ.

ಘಟ್ಟದ ಮೇಲಿನವ, ಶಿರಸಿ

ಹೊನ್ನಾವರದವರು ನೀರಿನ ಮೋಟಾರಿನ ಮಾತು ತೆಗೆದಿದ್ದರಿಂದ ನನ್ನ ಕಥೆಯನ್ನು ಹೇಳಲೇಬೇಕಾಗಿದೆ. ಶಿರಸಿಯಲ್ಲಿ ನಮ್ಮ ಮನೆಯ ಮೇಲ್ಮಹಡಿಯನ್ನು ಹದಿನೈದು ವರ್ಷಗಳಿಂದ ಬಾಡಿಗೆಗೆ ಕೊಡುತ್ತಿದ್ದೇನೆ. ಎರಡನೆಯ ವರ್ಷ, ಮೂರು ತಿಂಗಳ ಬಾಡಿಗೆ ಬಾಕಿ ಉಳಿಸಿಕೊಂಡಿದ್ದ ಒಬ್ಬರಿಗೆ ಬುದ್ಧಿ ಬರಲೆಂದು ಒಂದು ದಿನ ಟ್ಯಾಂಕಿಗೆ ನೀರು ಏರಿಸದೆ ಬಿಟ್ಟೆ. ಆ ದಿನ ಅವರ ಮಗುವಿಗೆ ಜ್ವರ ಬಂದಿತ್ತೆಂದು ನನಗೆ ಗೊತ್ತಿರಲಿಲ್ಲ. ಸಂಜೆ ಅವರ ಹೆಂಡತಿ ಕೊಡ ಹಿಡಿದು ನಮ್ಮ ಬಾವಿಗೆ ಬಂದಾಗ ನನ್ನ ಹೆಂಡತಿ ಒಂದೂ ಮಾತಾಡದೆ ಮೋಟಾರು ಹಾಕಿದಳು. ಬಾಕಿ ಹಣ ಮುಂದೆ ಬಂತು, ಆದರೆ ಅವರು ಮನೆ ಬಿಡುವವರೆಗೆ ನಾನು ಅವರ ಮುಖವನ್ನು ನೆಟ್ಟಗೆ ನೋಡಲಿಲ್ಲ. ಕಾನೂನು ಏನು ಹೇಳುತ್ತದೆಂಬುದನ್ನು ತಿಳಿದವರು ಹೇಳಲಿ; ಒಂದೇ ಬಾವಿಯ ನೀರು ಕುಡಿಯುವವರ ನಡುವೆ ಅದು ಮಾಡಬಾರದ ಕೆಲಸ ಎಂಬುದು ನನ್ನ ಅನುಭವದ ಮಾತು.

ಬೇರೆ ಬಡಾವಣೆಯಲ್ಲಿ ಮನೆಯಿಟ್ಟು ಬಾಡಿಗೆಗೆ ಕೊಡುವವನಿಗೂ, ಅದೇ ಕಟ್ಟಡದಲ್ಲಿ ಕೆಳಗೆ ಇದ್ದು ಕೊಡುವವನಿಗೂ ಬಹಳ ವ್ಯತ್ಯಾಸವಿದೆ. ನಾವು ಒಂದೇ ಕಾಲಕ್ಕೆ ಮಾಲೀಕರೂ ಹೌದು, ನೆರೆಯವರೂ ಹೌದು. ನೆರೆಯವರಾಗಿ ಸಹಿಸಿಕೊಳ್ಳಬೇಕಾದುದಕ್ಕೆ ಮಾಲೀಕರ ದನಿಯಲ್ಲಿ ಗದರುತ್ತೇವೆ. ಮಾಲೀಕರಾಗಿ ಸ್ಪಷ್ಟವಾಗಿ ಕೇಳಬೇಕಾದ ಬಾಡಿಗೆಯನ್ನು ನೆರೆಯವರ ಸಂಕೋಚದಲ್ಲಿ ಕೇಳದೆ ಬಿಡುತ್ತೇವೆ. ನಿಮ್ಮ ಮನೆಯ ತಕರಾರುಗಳನ್ನು ಈ ಎರಡು ಗಂಟುಗಳಾಗಿ ಬೇರ್ಪಡಿಸಿ ನೋಡಿ. ಬಾಡಿಗೆ, ಅಡ್ವಾನ್ಸು, ರಿಪೇರಿ, ಕರೆಂಟು ಇವು ಕಾಗದಕ್ಕೆ ಸೇರಿದವು. ಗೇಟಿನ ಸದ್ದು, ಹಪ್ಪಳ, ಒಣಮೀನು ಇವು ನೆರೆಹೊರೆಯ ಸಂಗತಿಗಳು. ಅವನ್ನು ಮನೆ ಬಿಡಿಸುವ ಮಾತಿನವರೆಗೆ ಎಳೆಯಬಾರದು.

ನಾನು ಮಾಡಿಕೊಂಡ ಒಂದು ಪದ್ಧತಿಯಿದೆ. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ನಮ್ಮ ಜಗಲಿಯಲ್ಲಿ ಕುಳಿತು ಬಾಡಿಗೆಯವರ ಮಾತು ಕೇಳುತ್ತೇನೆ, ನನ್ನ ಮಾತನ್ನೂ ಹೇಳುತ್ತೇನೆ. ನಲ್ಲಿ ಒಡೆದಂಥ ತುರ್ತು ಇದ್ದರೆ ಯಾವ ಹೊತ್ತಿಗಾದರೂ ಬರಬಹುದು. ಉಳಿದದ್ದು ಯಾವುದೂ ಮೆಟ್ಟಿಲಲ್ಲಾಗಲಿ, ತುಳಸಿಕಟ್ಟೆಯ ಹತ್ತಿರವಾಗಲಿ, ಬಟ್ಟೆ ಒಗೆಯುವ ಕಲ್ಲಿನ ಬಳಿಯಾಗಲಿ ಬೇಡ. ಮೊದಮೊದಲು ಇದು ಬಿಗುಮಾನವೆನಿಸಿತು. ಈಗ ಮೆಟ್ಟಿಲಲ್ಲಿ ಎದುರಾದರೆ ಮಳೆ, ಮಕ್ಕಳ ಪರೀಕ್ಷೆ ಇಂಥ ಮಾತು ಮಾತ್ರ ಇರುತ್ತದೆ.

ಇನ್ನು ಊಟದ ವಿಷಯ. ನಮ್ಮ ಕಡೆ ಅನೇಕರು ಮೀನು-ಮಾಂಸ ಬೇಯಿಸುವವರಿಗೆ ಮನೆ ಕೊಡುವುದಿಲ್ಲ, ಅದರ ಬಗ್ಗೆ ನನಗೆ ನನ್ನದೇ ಅಭಿಪ್ರಾಯವಿದೆ. ಆದರೆ ಕೊಟ್ಟ ಮೇಲೆ, ಅದೂ ಆರು ವರ್ಷ ಬಾಡಿಗೆ ಪಡೆದ ಮೇಲೆ, ಮೀನಿನ ವಾಸನೆಯನ್ನು ತಕರಾರಾಗಿ ಎತ್ತುವುದು ನ್ಯಾಯವಲ್ಲ.

ಕುಮಟಾ ವಕೀಲ

ಹೊನ್ನಾವರದವರ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಕರಾರು ಪತ್ರವಿಲ್ಲದಿದ್ದರೂ, ಮನೆಯ ಸ್ವಾಧೀನ ಕೊಟ್ಟು ತಿಂಗಳು ತಿಂಗಳು ಬಾಡಿಗೆ ಪಡೆಯುತ್ತಿದ್ದರೆ ಅದು ಕಾನೂನಿನ ಕಣ್ಣಿನಲ್ಲಿ ಮಾಸಿಕ ಬಾಡಿಗೆಯೇ ಆಗಿರುತ್ತದೆ. 1999ರ ಕರ್ನಾಟಕ ಬಾಡಿಗೆ ಕಾಯಿದೆ ತಿಂಗಳ ಬಾಡಿಗೆ ಊರಿಗೆ ತಕ್ಕಂತೆ 2,000 ಅಥವಾ 3,500 ರೂಪಾಯಿ ಮೀರಿದ ಮನೆಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ, ಅಕ್ಕೋರ ಎರಡೂ ಮನೆಗಳು 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಅಡಿಯಲ್ಲಿ ಬರುತ್ತವೆ. ಅದರ 106ನೆಯ ಕಲಮಿನಂತೆ ಮಾಸಿಕ ಬಾಡಿಗೆಯನ್ನು ಕೊನೆಗೊಳಿಸಲು ಹದಿನೈದು ದಿನಗಳ ಲಿಖಿತ ನೋಟಿಸು ಬೇಕು. ಬಾಯಿಮಾತು ಸಾಲದು. ನೋಟಿಸಿನಲ್ಲಿ ನಿಮ್ಮ ಸಹಿಯಿರಬೇಕು. ಅದನ್ನು ಅಂಚೆಯಲ್ಲಿ ಕಳುಹಿಸಿ ಸ್ವೀಕೃತಿ ಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಅವಧಿ ಮುಗಿದ ಮೇಲೂ ಅವರು ಬಿಡದಿದ್ದರೆ ನ್ಯಾಯಾಲಯದಲ್ಲಿ ದಾವೆ ಹೂಡುವುದೊಂದೇ ದಾರಿ.

ಅನೇಕ ಮಾಲೀಕರು ಎಡವುವ ಒಂದು ಜಾಗವನ್ನು ಇಲ್ಲಿ ಹೇಳಬೇಕು. ನೋಟಿಸಿನ ಅವಧಿ ಮುಗಿದ ನಂತರದ ತಿಂಗಳ ಬಾಡಿಗೆಯನ್ನು ಎಂದಿನಂತೆ ಪಡೆದರೆ, ನೀವು ನೋಟಿಸನ್ನು ಕೈಬಿಟ್ಟಿರೆಂದು ವಾದಿಸಲು 113ನೆಯ ಕಲಂ ಅವಕಾಶ ಕೊಡುತ್ತದೆ. ನೋಟಿಸು ಕೊಡುವುದೇ ಆದರೆ ಮೊದಲೇ ವಕೀಲರನ್ನು ಕಂಡು, ಆಮೇಲೆ ಬರುವ ಹಣವನ್ನು ಯಾವ ಒಕ್ಕಣೆಯೊಂದಿಗೆ ಸ್ವೀಕರಿಸಬೇಕೆಂದು ಕೇಳಿಕೊಳ್ಳಿ.

ನೀರು ನಿಲ್ಲಿಸುವುದು, ಕರೆಂಟು ತೆಗೆಯುವುದು, ಬೀಗ ಬದಲಿಸುವುದು, ಸಾಮಾನು ಹೊರಗಿಡುವುದು ಇವು ಯಾವುವೂ ನಿಮ್ಮ ಹಕ್ಕಲ್ಲ. ಕಾನೂನಿನ ಕ್ರಮವಿಲ್ಲದೆ ಹೊರಹಾಕಲ್ಪಟ್ಟ ಬಾಡಿಗೆದಾರರು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೆಯ ಕಲಮಿನ ಅಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು, ಅಲ್ಲಿ ನೀವು ಮಾಲೀಕರೆಂಬುದು ನಿಮ್ಮ ರಕ್ಷಣೆಗೆ ಬರುವುದಿಲ್ಲ. ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ ಹಾಕಿ, ಬಾಡಿಗೆ ಕೊಡುವವರನ್ನು ಬೀದಿಯಲ್ಲಿ ನಿಲ್ಲಿಸುವುದೂ ಇದೇ ಜಾತಿಯದು. ಬೀಗ ಹಾಕುವುದಿದ್ದರೆ ಅವರ ಕೈಗೊಂದು ಕೀಲಿ ಕೊಟ್ಟು ಹಾಕಿ.

ತಂದೆಯವರು ಪಡೆದ ಅಡ್ವಾನ್ಸನ್ನು ಹಿಂದಿರುಗಿಸುವ ಹೊಣೆ ಈಗ ವಾರಸುದಾರರದ್ದು. ಒಡಹುಟ್ಟಿದವರು ಇದ್ದರೆ ಬಾಡಿಗೆ ವಸೂಲಿಗೆ ಅವರ ಒಪ್ಪಿಗೆ ಪತ್ರ ಪಡೆದುಕೊಳ್ಳಿ. ಆಮೇಲೆ ಹನ್ನೊಂದು ತಿಂಗಳ ಕರಾರು ಪತ್ರ ಮಾಡಿಸಿ. ಹನ್ನೊಂದೇ ತಿಂಗಳು ಏಕೆಂದು ಎಲ್ಲರೂ ಕೇಳುತ್ತಾರೆ: ಒಂದು ವರ್ಷ ಮೀರಿದ ಅವಧಿಯ ಕರಾರನ್ನು ನೋಂದಣಿ ಮಾಡಿಸುವುದು ಕಡ್ಡಾಯ, ಅದಕ್ಕಾಗಿ ಈ ರೂಢಿ ಬಂದಿದೆ.

ಬಾಡಿಗೆ ಮನೆಯವಳು, ಕಾರವಾರ

ನಾನು ಇನ್ನೊಂದು ಪಕ್ಷದವಳು. ನನ್ನ ಗಂಡ ಕೈಗಾದಲ್ಲಿ ಕೆಲಸ ಮಾಡುತ್ತಾರೆ. ಹತ್ತು ವರ್ಷಗಳಲ್ಲಿ ನಾಲ್ಕು ಬಾಡಿಗೆ ಮನೆ ಕಂಡಿದ್ದೇನೆ, ಅವುಗಳಲ್ಲಿ ಮೂರರಲ್ಲಿ ಮಾಲೀಕರು ಅದೇ ಕಟ್ಟಡದಲ್ಲಿ ಇದ್ದರು.

ಅಕ್ಕೋರೇ, ನಿಮ್ಮ ಆಯಿ ಪಡಸಾಲೆ ಹಾದು ಹೋಗುವಾಗ ಆಡುವ ಆ ಒಂದು ಮಾತಿನ ತೂಕ ಮೇಲಿನ ಮನೆಯ ಹೆಂಗಸಿಗೆ ಎಷ್ಟಿರುತ್ತದೆಂದು ನಿಮಗೆ ತಿಳಿಯುವುದು ಕಷ್ಟ. ಹಿಂದಿನ ಒಂದು ಮನೆಯಲ್ಲಿ ಮಾಲೀಕರ ಮನೆಯ ಹಿರಿಯರು ಕೆಟ್ಟವರೇನಲ್ಲ, ಹಬ್ಬಕ್ಕೆ ಪಾಯಸ ಕೊಟ್ಟು ಕಳುಹಿಸುವವರು. ಆದರೆ ಬಾಗಿಲು ತಟ್ಟದೆ ಒಳಗೆ ಬಂದು, ‘ಇಷ್ಟು ಹೊತ್ತಿಗೂ ದೀಪ ಏಕೆ ಉರಿಯುತ್ತಿದೆ, ನಿನ್ನೆ ಬಂದವರು ಯಾರು’ ಎಂದು ಕೇಳುತ್ತಿದ್ದರು. ಎರಡು ವರ್ಷ ನಾನು ನನ್ನ ಮನೆಯೊಳಗೇ ಮೆಲ್ಲಗೆ ನಡೆದಾಡಿದ್ದೇನೆ. ಕೊನೆಗೆ ಆ ಮನೆ ಬಿಟ್ಟೆವು, ಕಾರಣ ಕೇಳಿದಾಗ ವರ್ಗಾವಣೆ ಎಂದು ಸುಳ್ಳು ಹೇಳಿದೆವು.

2021ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ, ಮಾಲೀಕರು ಬಾಡಿಗೆ ಮನೆಯೊಳಗೆ ಬರುವುದಕ್ಕೆ ಇಪ್ಪತ್ನಾಲ್ಕು ಗಂಟೆ ಮೊದಲು ತಿಳಿಸಬೇಕು, ಸೂರ್ಯೋದಯಕ್ಕೆ ಮೊದಲು ಹಾಗೂ ಸೂರ್ಯಾಸ್ತದ ನಂತರ ಬರಬಾರದು ಎಂದಿದೆ. ವಾಸದ ಮನೆಗೆ ಅಡ್ವಾನ್ಸು ಎರಡು ತಿಂಗಳ ಬಾಡಿಗೆ ಮೀರಬಾರದು ಎಂದೂ ಇದೆ. ಅದು ಮಾದರಿ ಮಾತ್ರ, ರಾಜ್ಯ ತನ್ನದಾಗಿ ಮಾಡಿಕೊಂಡರಷ್ಟೇ ಬದ್ಧವಾಗುತ್ತದೆ. ಆದರೂ ಒಳ್ಳೆಯ ನಿಯಮವನ್ನು ನಮ್ಮ ಕರಾರಿನಲ್ಲಿ ನಾವೇ ಬರೆದುಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲವಲ್ಲ.

ಕುಮಟಾ ವಕೀಲ

ತಂಗಿ ಹೇಳಿದ್ದು ಸರಿ. 1882ರ ಕಾಯಿದೆಯಲ್ಲಿಯೂ ಬಾಡಿಗೆದಾರರು ಅಡ್ಡಿಯಿಲ್ಲದೆ ಮನೆಯನ್ನು ಅನುಭವಿಸುವ ಹಕ್ಕು 108ನೆಯ ಕಲಮಿನಲ್ಲಿದೆ. ಮನೆಯ ಸ್ಥಿತಿ ನೋಡಲು ಯುಕ್ತವಾದ ಹೊತ್ತಿನಲ್ಲಿ ಮಾಲೀಕರು ಬರಬಹುದೆಂದೂ ಅದೇ ಕಲಂ ಹೇಳುತ್ತದೆ. ಯುಕ್ತ ಹೊತ್ತು ಯಾವುದೆಂದು ಕರಾರಿನಲ್ಲಿ ಬರೆದರೆ ಇಬ್ಬರಿಗೂ ನೆಮ್ಮದಿ. ರಿಪೇರಿಯ ಬಗ್ಗೆಯೂ ಒಂದು ಮಾತು: ಮಾಲೀಕರು ಮಾಡಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಮಳೆ, ಉಪ್ಪುಗಾಳಿಯಿಂದ ತಾನಾಗಿ ಆಗುವ ಸವಕಳಿಗೆ ಬಾಡಿಗೆದಾರರು ಹೊಣೆಯಲ್ಲ. ನಮ್ಮ ಕರಾವಳಿಯಲ್ಲಿ ಕಿಟಕಿಯ ಸರಳು ತುಕ್ಕು ಹಿಡಿದಿದೆಯೆಂದು ಅಡ್ವಾನ್ಸಿನಲ್ಲಿ ಹಣ ಮುರಿಯುವವರಿದ್ದಾರೆ, ಅದು ಸರಿಯಲ್ಲ.

ಕೋಡಿಬಾಗದ ಅಕ್ಕೋರು

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಗೇಟಿನ ಬೀಗದ ಮಾತನ್ನು ಇಂದೇ ಹಿಂದಕ್ಕೆ ಪಡೆದು ಹುಡುಗರಿಗೆ ಕೀಲಿ ಕೊಟ್ಟೆ. ಬಾಡಿಗೆ ಮನೆಯವರು ಬರೆದದ್ದನ್ನು ಆಯಿಗೆ ಓದಿ ಹೇಳಿದೆ, ಅವರು ಬಹಳ ಹೊತ್ತು ಸುಮ್ಮನಿದ್ದರು.

ಎರಡು ಪ್ರಶ್ನೆಗಳು ಉಳಿದಿವೆ. ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ದೋಣಿಯವರಿಗೆ ದುಡಿಮೆಯಿಲ್ಲ. ಪ್ರತಿ ವರ್ಷ ಬಾಡಿಗೆ ಬಾಕಿ ಬೀಳುತ್ತದೆ, ಅಕ್ಟೋಬರಿನ ಹೊತ್ತಿಗೆ ತೀರುತ್ತದೆ. ನನಗೂ ಮಳೆಗಾಲಕ್ಕೆ ಮೊದಲು ಮನೆಯ ಕೆಲಸಗಳಿಗೆ ಹಣ ಬೇಕು. ಎರಡನೆಯದು ಕರೆಂಟು: ಇಡೀ ಮನೆಗೆ ಒಂದೇ ಮೀಟರಿದೆ. ಬಿಲ್ಲನ್ನು ತಂದೆಯವರು ಅಂದಾಜಿನಿಂದ ಮೂರು ಪಾಲು ಮಾಡುತ್ತಿದ್ದರು. ಈಗ ಹುಡುಗರು ತಾವು ಹಗಲೆಲ್ಲ ಮನೆಯಲ್ಲೇ ಇರುವುದಿಲ್ಲ ಎನ್ನುತ್ತಾರೆ, ದೋಣಿಯವರು ತಮ್ಮಲ್ಲಿ ಫ್ರಿಜ್ ಇಲ್ಲ ಎನ್ನುತ್ತಾರೆ.

ಅಂಕೋಲಾ ವೈರಿಂಗ್

ಕರೆಂಟಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಇದೇ ನನ್ನ ಕಸುಬು. ಒಂದೇ ಮೀಟರಿನಲ್ಲಿ ಮೂರು ಮನೆ ನಡೆಸುವುದರಿಂದ ನಿಮಗೆ ಜಗಳವೂ ಹೌದು, ನಷ್ಟವೂ ಹೌದು. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ವಾಸದ ಮನೆಗೆ ತಿಂಗಳಿಗೆ 200 ಯೂನಿಟ್ ಒಳಗಿನ ಬಳಕೆಗೆ ಸೌಲಭ್ಯವಿದೆ. ಆದರೆ ಅದು ಪೂರ್ತಿ 200 ಯೂನಿಟ್ ಅಲ್ಲ. ಹಿಂದಿನ ಬಳಕೆಯ ಸರಾಸರಿಗೆ ಶೇಕಡಾ 10 (ಸರಾಸರಿ 48 ಯೂನಿಟಿಗಿಂತ ಕಡಿಮೆಯಿದ್ದರೆ 10 ಯೂನಿಟ್) ಸೇರಿಸಿದಷ್ಟು ಮಾತ್ರ ಉಚಿತ. ಬಳಕೆ 200 ಮೀರಿತೆಂದರೆ ಇಡೀ ಬಿಲ್ಲನ್ನು ಕಟ್ಟಬೇಕು. ಮೂರು ಮನೆಗಳ ಬಳಕೆ ಒಂದೇ ಮೀಟರಿನಲ್ಲಿ ಓಡಿದರೆ 200 ಮೀರದೆ ಇರುವುದಿಲ್ಲ, ಹಾಗಾಗಿ ಯಾರಿಗೂ ಪ್ರಯೋಜನವಾಗುವುದಿಲ್ಲ. ಹೆಸ್ಕಾಂ ಕಚೇರಿಯಲ್ಲಿ ಅರ್ಜಿ ಕೊಟ್ಟು ಮೇಲಿನ ಎರಡು ಮನೆಗಳಿಗೆ ಬೇರೆ ಬೇರೆ ಮೀಟರು, ಆರ್‌ಆರ್ ಸಂಖ್ಯೆ (ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆ) ಪಡೆದರೆ, ಬಾಡಿಗೆದಾರರು ತಮ್ಮ ಆಧಾರ್ ಮತ್ತು ಕರಾರು ಪತ್ರದೊಂದಿಗೆ ತಾವೇ ನೋಂದಾಯಿಸಿಕೊಳ್ಳಬಹುದು. ಕರಾರು ಪತ್ರ ಮಾಡಿಸಲು ಅವರಿಗೂ ಇದರಿಂದ ಆಸಕ್ತಿ ಬರುತ್ತದೆ, ನೋಡಿ.

ಸದ್ಯಕ್ಕೆ ಆಗದಿದ್ದರೆ ಒಳಗೆ ಸಬ್‌ಮೀಟರ್ ಕೂಡಿಸಿ. ಬಾವಿಯ ಮೋಟಾರನ್ನು ಮಾತ್ರ ನಿಮ್ಮ ಮೀಟರಿಗೇ ಇಟ್ಟು, ಅದರ ಖರ್ಚನ್ನು ಬಾಡಿಗೆಯಲ್ಲೇ ಸೇರಿಸಿ. ಅದರ ಯೂನಿಟ್ ಹಂಚಲು ಹೋದರೆ ಲೆಕ್ಕ ಎಂದೂ ಮುಗಿಯುವುದಿಲ್ಲ. ಮಳೆಗಾಲಕ್ಕೆ ಮುಂಚೆ ಅರ್ಥಿಂಗ್ ಪರೀಕ್ಷಿಸಿಕೊಳ್ಳಿ. ಟೆರೇಸಿನ ಕಬ್ಬಿಣದ ಶೀಟಿನ ಮಾಡಿಗೆ ತಾಗಿ ಎಳೆದ ವೈರುಗಳನ್ನು ಮೊದಲು ತೆಗೆಸಿ. ಬಾಡಿಗೆದಾರರ ಜೀವದ ಹೊಣೆ ಇದರಲ್ಲಿದೆ, ಇದಕ್ಕೆ ಮುಂದಿನ ತಿಂಗಳು ಎನ್ನುವುದು ಬೇಡ.

ಘಟ್ಟದ ಮೇಲಿನವ, ಶಿರಸಿ

ದೋಣಿಯವರ ಬಾಡಿಗೆಯ ಬಗ್ಗೆ: ಆರು ವರ್ಷ ಬಾಕಿ ಬಿದ್ದರೂ ಪ್ರತಿ ಸಲ ತೀರಿಸಿದ್ದಾರೆಂದರೆ ಅವರು ಬಾಡಿಗೆ ಕೊಡದವರಲ್ಲ, ಕಡಲಿನ ಲೆಕ್ಕದಂತೆ ಕೊಡುವವರು. ನಮ್ಮಲ್ಲಿ ಅಡಿಕೆ ಮಾರಿದ ಮೇಲೆ ಸಾಲ ತೀರಿಸುವ ರೂಢಿ ಇದ್ದ ಹಾಗೆಯೇ ಇದು. ವರ್ಷಕ್ಕೆ 78,000 ರೂಪಾಯಿ ಆಗುತ್ತದೆಯಲ್ಲ, ಅದನ್ನು ಹನ್ನೆರಡು ಸಮ ಪಾಲು ಮಾಡದೆ ಹತ್ತು ಪಾಲು ಮಾಡಿ. ತಿಂಗಳಿಗೆ 7,800ರಂತೆ ಆಗಸ್ಟಿನಿಂದ ಮೇ ತನಕ ಕೊಡಲಿ, ಜೂನ್-ಜುಲೈಯಲ್ಲಿ ಏನೂ ಬೇಡ. ನಿಮಗೂ ಮಳೆಗಾಲಕ್ಕೆ ಮುಂಚೆ ಹಣ ಕೈಸೇರುತ್ತದೆ, ಅವರಿಗೂ ಬಾಕಿದಾರರೆಂಬ ಹೆಸರು ತಪ್ಪುತ್ತದೆ. ಈ ವರ್ಷದ ಬಾಕಿಯನ್ನು ಮಾತ್ರ ಹಳೆಯ ಕ್ರಮದಲ್ಲೇ ಅಕ್ಟೋಬರಿನ ತನಕ ಬಿಡಿ.

ಹೊನ್ನಾವರದವ

ನನ್ನ ಮೊದಲಿನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೂ ಒಂದು ಸಂಶಯವಿದೆ. ಹೀಗೆ ಎಲ್ಲದಕ್ಕೂ ಹೊಂದಿಕೊಳ್ಳುತ್ತ ಹೋದರೆ ಒಂಟಿ ಹೆಂಗಸರಿರುವ ಮನೆಯನ್ನು ಸಡಿಲವೆಂದು ತಿಳಿಯುವವರಿಲ್ಲವೇ? ನನ್ನ ಅತ್ತೆಯವರು ಇದೇ ರೀತಿ ನಂಬಿ, ಒಂದು ವರ್ಷದ ಬಾಡಿಗೆ ಕಳೆದುಕೊಂಡಿದ್ದಾರೆ. ಆ ಸಿಟ್ಟಿನಲ್ಲಿಯೇ ನಾನು ಮೊದಲು ಬರೆದದ್ದು.

ಕುಮಟಾ ವಕೀಲ

ನಿಮ್ಮ ಸಂಶಯ ಸುಳ್ಳಲ್ಲ, ಅಂಥ ಪ್ರಕರಣಗಳನ್ನು ನಾನೂ ಕಂಡಿದ್ದೇನೆ. ಹೊಂದಾಣಿಕೆ ಕಾಗದದ ಮೇಲಿದ್ದರೆ ಅದನ್ನು ಸಡಿಲವೆಂದು ಯಾರೂ ತಿಳಿಯುವುದಿಲ್ಲ. ಹತ್ತು ಪಾಲಿನ ಬಾಡಿಗೆಯನ್ನೂ ಕರಾರಿನಲ್ಲಿ ಬರೆಯಿರಿ, ಎರಡು ಕಂತು ತಪ್ಪಿದರೆ ನೋಟಿಸು ಕೊಡುವುದಾಗಿಯೂ ಬರೆಯಿರಿ. ಹಣ ಬ್ಯಾಂಕ್ ಖಾತೆಗೇ ಬರಲಿ. ನಗದು ಪಡೆದರೆ ಅಂದೇ ರಸೀದಿ ಕೊಡಿ. ವರ್ಷದ ಬಾಡಿಗೆ ಒಂದು ಲಕ್ಷ ಮೀರಿದಾಗ ಮನೆ ಬಾಡಿಗೆ ಭತ್ಯೆಗೆ ತೆರಿಗೆ ವಿನಾಯಿತಿ ಪಡೆಯುವ ನೌಕರರು ನಿಮ್ಮ ಪ್ಯಾನ್ ಸಂಖ್ಯೆ ಕೇಳುತ್ತಾರೆ, ಹುಡುಗರು ಕೇಳಿದರೆ ಗಾಬರಿಯಾಗಬೇಡಿ. ಬಾಡಿಗೆ ಆದಾಯದಲ್ಲಿ ಪೌರ ತೆರಿಗೆ ಕಳೆದು ಉಳಿದುದರ ಶೇಕಡಾ 30ರಷ್ಟನ್ನು ರಿಪೇರಿ ಮುಂತಾದ ಖರ್ಚಿನ ಬಾಬ್ತು ಲೆಕ್ಕ ಕೇಳದೆಯೇ ಬಿಡುತ್ತಾರೆ.

ಮಾತು ಮುರಿದುಬಿದ್ದರೆ ಕಾರವಾರದಲ್ಲಿಯೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ದಾವೆಗೆ ಮುನ್ನವೇ ಅಲ್ಲಿ ರಾಜಿಗೆ ಅರ್ಜಿ ಹಾಕಬಹುದು. ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗುತ್ತದೆ.

ಕೋಡಿಬಾಗದ ಅಕ್ಕೋರು (ಆಗಸ್ಟ್ ಎರಡನೆಯ ವಾರ)

ಏನೇನಾಯಿತೆಂದು ತಿಳಿಸಬೇಕಾದುದು ನನ್ನ ಕರ್ತವ್ಯ.

ಪುಣೆಯಲ್ಲಿರುವ ತಮ್ಮನಿಂದ ಒಪ್ಪಿಗೆ ಪತ್ರ ತರಿಸಿ ಎರಡೂ ಮನೆಯವರೊಂದಿಗೆ ಹನ್ನೊಂದು ತಿಂಗಳ ಕರಾರು ಮಾಡಿಕೊಂಡೆ. ತಂದೆಯವರ ಡೈರಿಯಲ್ಲಿದ್ದ ಅಡ್ವಾನ್ಸಿನ ಮೊತ್ತವನ್ನು ಅದರಲ್ಲಿ ನಮೂದಿಸಿ ಸಹಿ ಹಾಕಿದಾಗ ದೋಣಿಯವರ ಹೆಂಡತಿಯ ಕಣ್ಣು ತುಂಬಿತು. ಆ ಹಣ ಹೋಯಿತೆಂದೇ ಅವರು ಒಂಬತ್ತು ತಿಂಗಳಿನಿಂದ ಹೆದರಿಕೊಂಡಿದ್ದರಂತೆ. ನಾನಾಗಿ ಮೊದಲೇ ಒಂದು ಮಾತು ಹೇಳಿದ್ದರೆ ಎಷ್ಟೋ ಮುಖ ತಪ್ಪಿಸುವಿಕೆ ಇರುತ್ತಿರಲಿಲ್ಲ. ಹತ್ತು ಪಾಲಿನ ಬಾಡಿಗೆಗೆ ಅವರು ಒಪ್ಪಿದ್ದಾರೆ. ಮೊದಲ ಕಂತು ಮೊನ್ನೆ ಬಂತು.

ಟೆರೇಸಿಗೆ ಹಿಂಬದಿಯಿಂದ ಕಬ್ಬಿಣದ ಏಣಿಮೆಟ್ಟಿಲು ಹಾಕಿಸುವ ಯೋಚನೆಯಿತ್ತು, ಆಯಿಯ ಮಂಡಿಗೆ ಅದು ಆಗದು. ಆದ್ದರಿಂದ ಪಡಸಾಲೆಯ ದಾರಿಯೇ ಉಳಿಯಿತು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಟೆರೇಸು ಆಯಿಯದು, ಉಳಿದ ದಿನಗಳು ಮೇಲಿನವರದು ಎಂದು ಆಯಿಯೇ ಮೇಲೆ ಹೋಗಿ, ಬಾಗಿಲು ತಟ್ಟಿ, ಮಾತಾಡಿ ಬಂದರು. ಗೇಟಿನ ತಿರುಗಣೆಗೆ ಎಣ್ಣೆ ಹಾಕಿ, ತಾಗುವಲ್ಲಿ ಹಳೆಯ ಟೈರಿನ ತುಂಡು ಬಿಗಿದದ್ದು ಹುಡುಗರೇ. ನಾಯಿಗಳು ಈಗಲೂ ಬೊಗಳುತ್ತವೆ. ಹೊಸ ಮೀಟರಿನ ಅರ್ಜಿ ಹೆಸ್ಕಾಂನಲ್ಲಿದೆ. ಸದ್ಯಕ್ಕೆ ಸಬ್‌ಮೀಟರ್ ಕೂಡಿಸಿದ್ದೇವೆ, ಟೆರೇಸಿನ ವೈರುಗಳನ್ನು ಮೇ ತಿಂಗಳಲ್ಲೇ ತೆಗೆಸಿದೆ.

ಒಂದು ಕೆಲಸ ಮಾತ್ರ ಆಗಿಲ್ಲ. ಹುಡುಗರ ಮನೆಯ ಪಡುವಣ ಗೋಡೆ ಜುಲೈ ಮಳೆಯಲ್ಲಿ ಒಳಗೆಲ್ಲ ತೇವ ಎಳೆದು ಬೂಸ್ಟು ಹಿಡಿದಿದೆ. ಚಿರೇಕಲ್ಲು ಒಣಗದೆ ಗಿಲಾವು ಮಾಡಿದರೆ ಕಿತ್ತು ಬರುತ್ತದೆಂದು ಗೌಂಡಿಗಳು ಹೇಳಿದ್ದರಿಂದ ಕೆಲಸ ನವೆಂಬರಿಗೆ ಹೋಯಿತು. ಅಲ್ಲಿಯವರೆಗೆ ಆ ಕೋಣೆಯ ಬಾಬ್ತು ತಿಂಗಳಿಗೆ 1,000 ರೂಪಾಯಿ ಕಡಿಮೆ ತೆಗೆದುಕೊಳ್ಳುತ್ತೇನೆಂದು ಬರೆದುಕೊಟ್ಟಿದ್ದೇನೆ. ಪಡುಗಾಳಿಯ ಮಳೆ ನೇರವಾಗಿ ಹೊಡೆಯುವ ಚಿರೇಕಲ್ಲಿನ ಗೋಡೆಗೆ ಹೊರಗಿನಿಂದ ಶೀಟು ಕಟ್ಟಿಸುವುದು ಒಳ್ಳೆಯದೋ, ಗಿಲಾವು ಮಾಡಿಸಿ ಬಣ್ಣ ಹೊಡೆಸುವುದು ಒಳ್ಳೆಯದೋ ಎಂದು ಮಾಡಿಸಿ ನೋಡಿದವರು ತಿಳಿಸಿದರೆ ಉಪಕಾರವಾಗುತ್ತದೆ.